ಹತ್ತರಲ್ಲಿ ಎಷ್ಟು?

ಸಲಹೆಪ್ಪ ಸಿಗರೇಟು ಬಿಡಿಸುವ ಕೆಲಸಕ್ಕೆ ಸೇರಿದ ಮೇಲೆ ಆ ಊರಿನಲ್ಲಿ ಸಿಗರೇಟಿನ ವ್ಯಾಪಾರ ಹೆಚ್ಚಿತು. ಇದು ಉತ್ಪ್ರೇಕ್ಷೆ ಎನ್ನುವವರು ದೊಡ್ಡಾಸ್ಪತ್ರೆಯ ಗೇಟಿನ ಎದುರಿನ ಗೂಡಂಗಡಿಯವನನ್ನು ಕೇಳಬಹುದು. ಸಲಹೆಪ್ಪನ ಕೋಣೆಯಿಂದ ಹೊರಬಿದ್ದವರು ಓಡೋಡಿ ಬರುತ್ತಿದ್ದದ್ದು ಅವನ ಅಂಗಡಿಗೇ. ಆ ಒಂದು ಗೇಟಿನ ವ್ಯಾಪಾರದಿಂದ ಅವನು ಮನೆಯ ಮೇಲೊಂದು ಮಹಡಿ ಎಬ್ಬಿಸಿದ. ಮಹಡಿಯ ಗೋಡೆಗೆ ಸಲಹೆಪ್ಪನ ಫೋಟೋ ಹಾಕಬೇಕೆಂದು ಅವನಿಗೆ ಬಹಳ ಆಸೆಯಿತ್ತು. ಮಕ್ಕಳು ಹೆದರುತ್ತಾರೆಂದು ಹೆಂಡತಿ ಬೇಡ ಅಂದಳು.

ಸಲಹೆಪ್ಪ ಎನ್ನುವುದು ಜನ ಇಟ್ಟ ಹೆಸರು. ಅಪ್ಪ ಅಮ್ಮ ಇಟ್ಟದ್ದು ಅವನಿಗೇ ಮರೆತುಹೋಗುವಷ್ಟು ಇದು ಅಂಟಿಕೊಂಡಿತ್ತು. ಆಸ್ಪತ್ರೆಯ ಎರಡನೆಯ ಮಹಡಿಯಲ್ಲಿ, ಕಪ್ಪು ಶ್ವಾಸಕೋಶದ ಚಿತ್ರದ ಕೆಳಗೆ, ಒಂದು ಕೈ ಅಲ್ಲಾಡುವ ಕುರ್ಚಿಯಲ್ಲಿ ಕೂತು ಅವನು ಚಟದವರಿಗೆ ಸಲಹೆ ಕೊಡುತ್ತಿದ್ದ. "ಅಲ್ರೀ, ನಿಮಗೇನಾದ್ರೂ ಬುದ್ಧಿ ಇದೆಯಾ?" ಎಂದು ಶುರುವಾದರೆ ಶ್ವಾಸಕೋಶ, ಹೃದಯ, ಹೆಂಡತಿಯ ಕಣ್ಣೀರು, ಹುಟ್ಟಬೇಕಾದ ಮೊಮ್ಮಕ್ಕಳ ಭವಿಷ್ಯ ಎಲ್ಲವನ್ನೂ ಸುತ್ತಿಕೊಂಡು ಬರುತ್ತಿತ್ತು ಆ ಮಾತು. ಒಮ್ಮೆ ಅವನ ಮಾತಿನ ಹೊತ್ತಿನಲ್ಲೇ ರೋಗಿ ನಿದ್ದೆ ಹೋಗಿ, ಎಚ್ಚರವಾಗಿ, ಮುಖ ತೊಳೆದು ಬಂದು ಕೂತರೂ ಸಲಹೆಪ್ಪ ಇನ್ನೂ ಹೃದಯದ ಎಡಭಾಗದಲ್ಲೇ ಇದ್ದ.

ಒಂದು ದಿನ ಸೂಪರಿಂಟೆಂಡೆಂಟರು ಕರೆಸಿದರು.

"ಹೋದ ವರ್ಷ ಎಷ್ಟು ಜನರ ಸಿಗರೇಟು ಬಿಡಿಸಿದ್ರಿ?"

"ಒಬ್ಬರು ಬಿಟ್ರು ಸಾರ್."

"ಆ ಮನುಷ್ಯ ತೀರಿಕೊಂಡ ಕಣ್ರೀ!"

"ಬಿಟ್ಟಿದ್ದಂತೂ ನಿಜ ಸಾರ್."

ಸೂಪರಿಂಟೆಂಡೆಂಟರು ಕನ್ನಡಕ ತೆಗೆದು, ಒರೆಸಿ, ಮತ್ತೆ ಹಾಕಿಕೊಂಡು ನೋಡಿದರು. ಎದುರಿಗೆ ಅದೇ ಮುಖವಿತ್ತು. "ಮೇಲಿನ ಕಚೇರಿಯಿಂದ ಒಬ್ಬರು ಮೇಡಂ ಬರ್ತಾರೆ. ನೀವು ರೋಗಿ ಜೊತೆ ಮಾತಾಡೋದನ್ನ ಪಕ್ಕದಲ್ಲೇ ಕೂತು ಕೇಳ್ತಾರೆ. ಅವರಿಗೆ ಒಪ್ಪಿಗೆ ಆದ್ರೆ ಆ ಕುರ್ಚಿ ನಿವೃತ್ತಿವರೆಗೂ ನಿಮ್ಮದು. ಆಗದಿದ್ರೆ ನೆಲಮಾಳಿಗೆಯಲ್ಲಿ ಶವಾಗಾರದ ಕಿಟಕಿಯಲ್ಲಿ ಕೂರೋ ಕೆಲಸ ಖಾಲಿ ಇದೆ. ಅಲ್ಲಿರೋರಿಗೆ ಯಾವ ಚಟವೂ ಇಲ್ಲ. ಅದಕ್ಕೆ ಮುಂಚೆ ಈ ತರಬೇತಿಗೆ ಹೋಗಿ ಬನ್ನಿ. ಪ್ರೇರಣಾ ಸಂದರ್ಶನ ಅಂತೆ. ಏನೋ, ನನಗೂ ಗೊತ್ತಿಲ್ಲ. ನಿಮ್ಮ ಬಾಯಿ ಮುಚ್ಚಿಸ್ತಾರೆ ಅಂತ ಕೇಳಿದ್ದೀನಿ, ಅಷ್ಟು ಸಾಕು."

ಶವಾಗಾರದ ಮಾತು ಕೇಳಿದ್ದೇ ಸಲಹೆಪ್ಪ ತರಬೇತಿಗೆ ಹೊರಟ. ಎದುರು ಕೂತವನು ಕೇಳಲಿ ಬಿಡಲಿ, ಉಸಿರಂತೂ ಆಡುತ್ತಿರಬೇಕು ಎನ್ನುವುದು ಅವನ ಕಸುಬಿನ ಮೊದಲ ಷರತ್ತಾಗಿತ್ತು.

ತರಬೇತಿ ಕೊಡುವವರ ದನಿ ಹತ್ತಿಯ ಹಾಗೆ. ಮಾತು ನೆಲಕ್ಕೆ ಬಿದ್ದರೂ ಸದ್ದಿಲ್ಲ. "ಸಲಹೆ ಕೊಡಬೇಡಿ," ಅಂದರು ಅವರು ಮೊದಲ ದಿನ. ಸಲಹೆಪ್ಪನಿಗೆ ಕೂತ ಕುರ್ಚಿಯೇ ಜಾರಿದ ಹಾಗಾಯಿತು. "ಬದಲಾಗೋಕೆ ಬೇಕಾದ ಕಾರಣ ಎಲ್ಲಾ ಅವರೊಳಗೇ ಇರುತ್ತೆ. ನೀವು ಕೇಳಬೇಕು ಅಷ್ಟೆ. ಅವರು ಹೇಳಿದ್ದನ್ನ ಅವರಿಗೇ ತಿರುಗಿಸಿ ಹೇಳಿ. ಒಳ್ಳೇದು ಕಂಡ್ರೆ ಮೆಚ್ಚಿ. ಆಮೇಲೆ ಕೇಳಿ, ಬದಲಾಗೋದು ನಿಮಗೆ ಸೊನ್ನೆಯಿಂದ ಹತ್ತರಲ್ಲಿ ಎಷ್ಟು ಮುಖ್ಯ? ನಾಲ್ಕು ಅಂತಾರೆ ಅನ್ನಿ. ನಾಲ್ಕು ಯಾಕೆ, ಒಂದು ಯಾಕಲ್ಲ ಅಂತ ಕೇಳಿ. ಯಾಕೆ ಬದಲಾಗಬೇಕು ಅಂತ ಅವರೇ ನಿಮಗೆ ಪಾಠ ಮಾಡ್ತಾರೆ."

ಸಲಹೆಪ್ಪ ಇದನ್ನು ಬಾಯಾರಿದ ಎಮ್ಮೆ ತೊಟ್ಟಿ ಖಾಲಿ ಮಾಡಿದ ಹಾಗೆ ಹೀರಿಕೊಂಡ. ಗೋಡೆಯ ಎದುರು ನಿಂತು ಗೋಡೆಯನ್ನು ಪ್ರಶ್ನೆ ಕೇಳಿದ. ಗೋಡೆ ಸ್ವಲ್ಪ ಹಗುರಾಯಿತೆಂದು ಅವನಿಗನಿಸಿತು. ಕೊನೆಯ ಮಧ್ಯಾಹ್ನ ಒಂದೇ ಒಂದು ಪಾಠ ಉಳಿದಿತ್ತು: ಮಾತು ಶುರುವಾಗುವ ಮೊದಲು ಯಾವ ಬದಲಾವಣೆಯ ಬಗ್ಗೆ ಮಾತಾಡುತ್ತೇವೆ ಎಂದು ಇಬ್ಬರೂ ಸೇರಿ ಗೊತ್ತುಮಾಡಿಕೊಳ್ಳಬೇಕು, ಆ ದಾರಿ ಬಿಟ್ಟು ಆಚೀಚೆ ಸರಿಯಬಾರದು. ಆ ಹೊತ್ತಿಗೆ ಸಲಹೆಪ್ಪ ಹೊರಗೆ ಪಡಸಾಲೆಯಲ್ಲಿ ಪ್ರಮಾಣಪತ್ರ ಎದೆಗೆ ಆನಿಸಿಕೊಂಡು, ಎಡಗೆನ್ನೆ ಕಾಣಬೇಕೋ ಬಲಗೆನ್ನೆ ಕಾಣಬೇಕೋ ಎಂದು ಫೋಟೋದವನ ಜೊತೆ ಚರ್ಚೆಯಲ್ಲಿದ್ದ. ಹೀಗಾಗಿ ಇಂಜಿನ್ನು ಪೂರ್ತಿ ಕಲಿತ, ಸ್ಟೇರಿಂಗು ಮುಟ್ಟದೆ ಮನೆಗೆ ಹೊರಟ.

ಮೊದಲು ಸಿಕ್ಕಿದವಳು ಹೆಂಡತಿ. ಅವಳು ಬಸ್‌ಸ್ಟ್ಯಾಂಡಿನಲ್ಲಿ ಮೈಕು ಹಿಡಿದು ಬಸ್ಸುಗಳ ಹೊರಡುವ ಹೊತ್ತು ಕೂಗಿ ಹೇಳುವವಳು. ಅವಳ ದನಿ ಕೇಳಿದರೆ ನಿಂತ ಬಸ್ಸು ಡ್ರೈವರ್ ಇಲ್ಲದೆಯೂ ಒಂದು ಗಜ ಮುಂದೆ ಹೋಗುತ್ತದೆಂದು ಪ್ರತೀತಿ.

"ರಾತ್ರಿಗೆ ಏನು ಮಾಡ್ಲಿ?" ಎಂದಳು.

"ರಾತ್ರಿಗೆ ಏನು ಮಾಡೋದು ಅನ್ನೋ ಪ್ರಶ್ನೆ ನಿನ್ನನ್ನ ಕಾಡ್ತಿದೆ."

"ಕಾಡ್ತಿಲ್ಲ, ಕೇಳ್ತಿದ್ದೀನಿ."

"ಉತ್ತರ ನನ್ನಿಂದ ಬರ್ಲಿ ಅಂತ ನಿನಗೆ ಅನ್ನಿಸ್ತಿದೆ."

"ಜ್ವರ ಬಂದಿದ್ಯಾ ನಿಮಗೆ?"

"ನನ್ನ ಆರೋಗ್ಯದ ಬಗ್ಗೆ ನಿನಗೆ ಎಷ್ಟು ಕಾಳಜಿ! ಅದು ನಿನ್ನ ದೊಡ್ಡ ಗುಣ."

ಹೆಂಡತಿ ಕೈಯಲ್ಲಿದ್ದ ಚಮಚ ಹಾಗೇ ನಿಂತಿತು. ಮದುವೆಯಾದಾಗಿನಿಂದ ಈ ಮನೆಯಲ್ಲಿ ಅವಳಿಗೆ ಗುಣ ಇದೆ ಎಂದು ಯಾರೂ ಅಂದಿರಲಿಲ್ಲ. ಸ್ಟೂಲು ಎಳೆದುಕೊಂಡು ಕೂತಳು.

"ನಿಜ ಹೇಳ್ಲಾ? ದಿನವಿಡೀ ಕಿರುಚಿ ಬಂದು ಮತ್ತೆ ಒಲೆ ಮುಂದೆ ನಿಲ್ಲೋಕೆ ಸಾಕಾಗಿದೆ ರೀ."

"ಸಾಕಾಗಿದೆ."

"ಸಾಕಾಗಿ ಹೋಗಿದೆ!"

"ಸಂಜೆ ಅಡುಗೆ ನಿಲ್ಲಿಸೋದು ನಿನಗೆ ಹತ್ತರಲ್ಲಿ ಎಷ್ಟು ಮುಖ್ಯ?"

"ಆರು ಅಂತಿಟ್ಕೊಳ್ಳಿ."

"ಆರು ಯಾಕೆ, ಎರಡು ಯಾಕಲ್ಲ?"

ಆಹಾ! ಬಾಗಿಲು ಒಡೆದ ಅಣೆಕಟ್ಟು ನೋಡಿದವರುಂಟೆ? ಹೆಂಡತಿ ಹೇಳುತ್ತಾ ಹೋದಳು. ಬೀದಿಯ ಬೇಕರಿ ಬಾಗಿಲು ಎಳೆಯುವ ಹೊತ್ತಿಗೆ ಅವಳ ಅಂಕ ಆರರಿಂದ ಹತ್ತಕ್ಕೆ ಏರಿ, ಹತ್ತು ಸಾಲದೆ ಒದ್ದಾಡುತ್ತಿತ್ತು. ಅಂದಿನಿಂದ ಆ ಮನೆಯಲ್ಲಿ ಸಂಜೆಯ ಒಲೆ ಬಂದ್. ಒಣ ಬ್ರೆಡ್ಡು ಅಗಿಯುತ್ತಾ ಕೂತ ಸಲಹೆಪ್ಪನ ಎದೆ ಹೆಮ್ಮೆಯಿಂದ ಉಬ್ಬಿತು. ಒಂದು ಉಪದೇಶವಿಲ್ಲ, ಒಂದು ಗದರಿಕೆಯಿಲ್ಲ, ಒಬ್ಬ ಹೆಂಗಸು ಬದಲಾಗಿಬಿಟ್ಟಳು! ಹಸಿವು ಅಂಥ ದೊಡ್ಡ ವಿಷಯವೇನಲ್ಲ.

ಆಮೇಲೆ ಆಸ್ಪತ್ರೆ. ಲಿಫ್ಟು ನಡೆಸುವವನನ್ನು ಸೂಪರಿಂಟೆಂಡೆಂಟರೇ ಸಲಹೆಪ್ಪನ ಹತ್ತಿರ ಕಳಿಸಿದ್ದರು, ಸಿಗರೇಟು ಬಿಡಲಿ ಎಂದು. ಮುಕ್ಕಾಲು ಗಂಟೆಯಲ್ಲಿ ಅವನು ಕಣ್ಣೊರೆಸಿಕೊಳ್ಳುತ್ತಾ ಹೊರಗೆ ಬಂದು, ಮೇಲೆ ಕೆಳಗೆ ಹೋಗುವ ಈ ಬಾಳು ತನಗೆ ಬೇಡ, ಇನ್ನು ಮುಂದೆ ನೇರ ನಡೆಯುವ ಕೆಲಸ ಮಾತ್ರ ಮಾಡುವೆ ಎಂದು ಲಿಫ್ಟಿನ ಬೀಗದ ಕೈ ಮೇಜಿನ ಮೇಲಿಟ್ಟು ಹೋದ. ಸಿಗರೇಟಿನ ಪ್ಯಾಕು ಮಾತ್ರ ಜೇಬಿನಲ್ಲೇ ಇತ್ತು. ಆ ವಾರವೆಲ್ಲ ರೋಗಿಗಳು, ಸ್ಟ್ರೆಚರು, ಆಮ್ಲಜನಕದ ಸಿಲಿಂಡರು ಎಲ್ಲಾ ಮೆಟ್ಟಿಲಲ್ಲೇ ಓಡಾಡಿದವು.

ಸೂಪರಿಂಟೆಂಡೆಂಟರು ಕೋಣೆಯ ಬಾಗಿಲನ್ನು ಬೆರಳಗಲ ತೆರೆದು ಮಾತಾಡಿದರು. "ಒಳಗೆ ಬರಬೇಡಿ! ನನ್ನನ್ನ ಯಾವ ಪ್ರಶ್ನೇನೂ ಕೇಳಬೇಡಿ! ಅಲ್ಲೇ ನಿಂತು ಹೌದು ಇಲ್ಲ ಅನ್ನಿ. ಮೇಡಂ ಸೋಮವಾರ ಬರ್ತಾರೆ. ರೋಗಿ ಸಿಕ್ಕಿದ್ದಾರಾ?"

"ಸಿಗ್ತಾರೆ ಸಾರ್. ನಿಮಗೆ ಆತಂಕ—"

ಬಾಗಿಲು ಮುಚ್ಚಿತು.

ರೋಗಿ ಮನೆಯ ಮೆಟ್ಟಿಲಲ್ಲೇ ಸಿಕ್ಕಿದ. ಕೆಳಗಿನ ಮನೆಯ ಟೈಲರ್. ಬಾಯಲ್ಲಿ ಸೂಜಿ ಇಲ್ಲದಾಗ ಸಿಗರೇಟು, ಸಿಗರೇಟು ಇಲ್ಲದಾಗ ಸೂಜಿ. ಎರಡನ್ನೂ ಒಟ್ಟಿಗೆ ಇಟ್ಟುಕೊಂಡು ಮಾತಾಡುವ ವಿದ್ಯೆಯೂ ಅವನಿಗೆ ಸಿದ್ಧಿಸಿತ್ತು. ಅವನು ಕೆಮ್ಮಿದರೆ ನೇತುಹಾಕಿದ ಪ್ಯಾಂಟುಗಳು ಹೆದರಿ ಕಾಲು ಮಡಚುತ್ತಿದ್ದವು.

"ಭಾವ," ಎಂದ ಟೈಲರ್. ಬೀದಿಗೆಲ್ಲ ಸಲಹೆಪ್ಪ ಭಾವನೇ. "ಈ ಕೆಮ್ಮು ಬಿಡ್ತಾ ಇಲ್ಲ. ಸಿಗರೇಟು ಬಿಡೋಣ ಅಂತ."

ಸಲಹೆಪ್ಪನಿಗೆ ಕುರ್ಚಿ ಕೈಗೆ ಬಂದಷ್ಟು ಸಂತೋಷವಾಯಿತು. ಮೆಟ್ಟಿಲ ಮೇಲೆ ಕೂತು, ತರಬೇತಿಯಲ್ಲಿ ಕಲಿಸಿದಂತೆ ತಲೆಯನ್ನು ಸ್ವಲ್ಪ ವಾಲಿಸಿ ಕೇಳಿದ, "ಯಾವಾಗ ಸೇದಬೇಕು ಅನ್ಸುತ್ತೆ?"

"ಅಂಗಡಿ ಬಾಗಿಲು ತೆಗೆದ ಕೂಡ್ಲೆ."

"ಅಂಗಡಿ ಅಂದ್ರೆ ಕಷ್ಟ."

"ಕಷ್ಟಾನಾ? ನರಕ ಭಾವ! ಒಬ್ಬ ಹೊಟ್ಟೆ ಒಳಗೆ ಎಳ್ಕೊಂಡು ಅಳತೆ ಕೊಡ್ತಾನೆ, ಹಾಕ್ಕೊಳ್ಳೋವಾಗ ಹೊಟ್ಟೆ ಬಿಡ್ತಾನೆ. ತಪ್ಪು ಯಾರದು? ನಂದು!"

"ಬೇರೆಯವರ ಹೊಟ್ಟೆಗೆ ನೀವು ಹೊಣೆ."

ಟೈಲರ್ ಸಿಗರೇಟು ಕೆಳಗಿಳಿಸಿ ಅವನನ್ನೇ ನೋಡಿದ. ಜೀವಮಾನದಲ್ಲಿ ಯಾರೂ ಅವನ ಬಾಳನ್ನು ಇಷ್ಟು ಚೆನ್ನಾಗಿ ಅಳತೆ ತೆಗೆದಿರಲಿಲ್ಲ. "ಹೌದು ಭಾವ! ಹಾಗೇ!"

"ಇಷ್ಟು ವರ್ಷ ತಡ್ಕೊಂಡಿದ್ದೀರಲ್ಲ, ಅದು ಸಾಮಾನ್ಯ ಮಾತಲ್ಲ. ಇದರಿಂದ ಹೊರಗೆ ಬರೋದು ನಿಮಗೆ ಹತ್ತರಲ್ಲಿ ಎಷ್ಟು ಮುಖ್ಯ?"

ಇದರಿಂದ ಅಂದರೆ ಯಾವುದರಿಂದ? ಸಲಹೆಪ್ಪ ಹೇಳಲಿಲ್ಲ, ಟೈಲರ್ ಕೇಳಲಿಲ್ಲ. ಎಂಟು ಎಂದ. ಎಂಟು ಯಾಕೆ, ಮೂರು ಯಾಕಲ್ಲ ಎಂದು ಕೇಳಿಸಿಕೊಂಡ. ಮಾರನೆಯ ಬೆಳಿಗ್ಗೆ ಅಂಗಡಿಗೆ ಎರಡು ಬೀಗ ಹಾಕಿ, ಬೀದಿಯ ಅರ್ಧ ಜನರ ಬಟ್ಟೆಯನ್ನು ಒಳಗೇ ಬಿಟ್ಟು, ಕಟ್ಟೆಯ ಮೇಲೆ ಕಾಲು ಚಾಚಿ ಕೂತು, ನೆಮ್ಮದಿಯಿಂದ ಒಂದರ ಕಿಡಿಯಿಂದ ಇನ್ನೊಂದು ಹಚ್ಚಿ ಸಿಗರೇಟು ಸೇದತೊಡಗಿದ.

ಮುಂದಿನದನ್ನು ಹೇಳಲು ಒಂದು ನಾಲಿಗೆ ಸಾಲದು. ಸಲಹೆಪ್ಪನ ಬಾಗಿಲಿಗೆ ಬೀದಿಗೆ ಬೀದಿಯೇ ಬಂತು. ಮುಂದೆ ಟೈಲರನ ಹೆಂಡತಿ, ಅವಳ ಹಿಂದೆ ಒಂದೇ ತೋಳಿನ ಕರಿ ಕೋಟು ತೊಟ್ಟ ವಕೀಲರು. ಇನ್ನೊಂದು ತೋಳು ಅಂಗಡಿಯೊಳಗೆ ಬಂದಿಯಾಗಿತ್ತು. ಕೋಟು ಅರ್ಧವಾದ್ದರಿಂದ ನ್ಯಾಯಾಧೀಶರು ಅವರ ವಾದವನ್ನೂ ಅರ್ಧ ಮಾತ್ರ ಕೇಳಿದರಂತೆ.

"ಅಂಗಡಿ ಮುಚ್ಚು ಅಂದ್ರಂತೆ ನೀವು?" ಎಂದಳು ಟೈಲರನ ಹೆಂಡತಿ.

"ನಾನು ಒಂದು ಮಾತೂ ಅಂದಿಲ್ಲ ತಾಯಿ. ಮುಚ್ಚಬೇಕು ಅಂತ ಅವರಿಗೇ ಅನ್ನಿಸ್ತು."

"ಅವರಿಗೆ ಅನ್ನಿಸೋದೆಲ್ಲ ಕೇಳ್ತಾ ಕೂತಿದ್ರೆ ಇಷ್ಟು ದಿನ ಸಂಸಾರ ನಡೀತಿತ್ತಾ? ನಾನು ಒಂದು ದಿನಾನಾದ್ರೂ ಕೇಳಿದ್ದೀನಾ?"

"ನಿಮಗೆ ಕೋಪ ಬಂದಿದೆ."

"ನೋಡ್ರಪ್ಪಾ," ಎಂದು ಅವಳು ಜನರ ಕಡೆ ತಿರುಗಿದಳು. "ಇದನ್ನ ಕಂಡುಹಿಡಿಯೋಕೆ ಸರ್ಕಾರ ಇವರಿಗೆ ತರಬೇತಿ ಕೊಟ್ಟಿದೆ."

"ಎಷ್ಟು ಕೋಪ ಬಂದಿದೆ ಅಂತೀರಿ, ಹತ್ತರಲ್ಲಿ?"

"ಹದಿನಾಲ್ಕು!"

ಹತ್ತರಿಂದಾಚೆ ಏನು ಮಾಡಬೇಕೆಂದು ಹತ್ತಿಯ ದನಿಯವರು ಹೇಳಿರಲಿಲ್ಲ. ವಕೀಲರು ಒಂದು ತೋಳೆತ್ತಿ, ಏನೂ ಹೇಳದೆ ಒಬ್ಬನಿಂದ ಎಲ್ಲ ಮಾಡಿಸುವುದು ಯಾವ ಕಲಮಿನ ಕೆಳಗೆ ಬರುತ್ತದೋ ನೋಡುತ್ತೇನೆ ಎಂದು ಗುಡುಗಿದರು. ಸಲಹೆಪ್ಪನ ಹೆಂಡತಿ ಒಳಗಿಂದ ಬಂದು ಬಸ್‌ಸ್ಟ್ಯಾಂಡಿನ ದನಿಯಲ್ಲಿ, "ಎಲ್ಲರೂ ದಯವಿಟ್ಟು ಹಿಂದೆ ಸರಿಯಿರಿ!" ಎಂದಮೇಲೆ ಜನ ಚದುರಿದರು.

"ಅಡುಗೆ ಬಿಡಿಸಿದ್ದಕ್ಕೆ ಈ ಒಂದು ಸಲ ಕಾಪಾಡಿದ್ದೀನಿ," ಎಂದಳು ಗಂಡನಿಗೆ. "ಸೋಮವಾರ ಆ ಮೇಡಂ ಮುಂದೆ ಮಾತ್ರ ಬಾಯಿ ಸರಿಯಾಗಿಟ್ಕೊಳ್ಳಿ. ಶವಾಗಾರದವರ ಹೆಂಡ್ತಿ ಅಂತ ಮೈಕು ಹಿಡಿದು ನಾನು ಹೇಗೆ ಕೂಗ್ಲಿ?"

ಸೋಮವಾರ ಬಂತು. ಮೇಡಂ ಬಂದರು. ಪುಟ್ಟ ಆಳು, ದೊಡ್ಡ ಕೈಚೀಲ, ತೊಳೆದಿಟ್ಟ ತಟ್ಟೆಯಂಥ ಮುಖ. ಲಿಫ್ಟಿಲ್ಲದೆ ಎರಡು ಮಹಡಿ ಹತ್ತಿದ್ದರೂ ಉಸಿರು ಏರಿರಲಿಲ್ಲ. ಮೂಲೆಯ ಸ್ಟೂಲಿನಲ್ಲಿ ಕೂತರು. ಸೂಪರಿಂಟೆಂಡೆಂಟರು ಅವರ ಹಿಂದೆ, ಬಾಗಿಲಿಗೆ ಹತ್ತಿರವಾಗಿ, ಓಡಲು ಅನುಕೂಲವಾಗುವಂತೆ ನಿಂತರು. ರೋಗಿಯ ಕುರ್ಚಿಯಲ್ಲಿ ಟೈಲರ್. "ಸಿಗರೇಟಿನ ವಿಷಯ ಮಾತ್ರ ಮಾತಾಡಿ ಬರದಿದ್ರೆ ನಿಮ್ಮನ್ನೂ ನಿಮ್ಮ ಭಾವನ್ನೂ ಒಂದೇ ಸೂಜಿಯಲ್ಲಿ ಹೊಲೀತೀನಿ," ಎಂದು ಹೆಂಡತಿ ಹೇಳಿ ಕಳಿಸಿದ್ದಳು.

ಶುರು ಚೆನ್ನಾಗಿತ್ತು. ಕೆಮ್ಮಿನ ಮಾತಾಯಿತು. ಎದೆಯುರಿಯ ಮಾತಾಯಿತು. ಬೆಳಿಗ್ಗೆ ಎದ್ದ ಕೂಡಲೇ ಕೈ ಎಲ್ಲಿಗೆ ಹೋಗುತ್ತದೆ ಎಂಬ ಮಾತಾಯಿತು. ಸಲಹೆಪ್ಪ ಬಾಯಿ ಬಿಗಿಹಿಡಿದು, ತಲೆ ವಾಲಿಸಿ, ಕುರ್ಚಿಯ ಅಲ್ಲಾಡುವ ಕೈಯನ್ನು ಗಟ್ಟಿಯಾಗಿ ಒತ್ತಿಕೊಂಡು ನಡೆಸಿದ. ಆದರೆ ಸ್ಟೇರಿಂಗಿಲ್ಲದ ಗಾಡಿ ಎಷ್ಟು ದೂರ ನೆಟ್ಟಗೆ ಹೋದೀತು?

"ಕೆಮ್ಮು ಬಂದಾಗ ಏನು ನೆನಪಾಗುತ್ತೆ?"

"ನಮ್ಮ ಮಾವನವರು ಭಾವ. ಅವರೂ ಹೀಗೇ ಕೆಮ್ತಿದ್ರು. ನನಗೆ ಅಂಗಡಿ ಗಂಟು ಹಾಕಿದ್ದೂ ಅವರೇ."

"ಮಾವನವರ ಮೇಲೆ ಮನಸ್ಸಲ್ಲಿ ಏನೋ ಇದೆ."

"ಏನೋ ಅಲ್ಲ, ಬೇಕಾದಷ್ಟಿದೆ!" ಎಂದು ಟೈಲರ್ ಕಾಲು ಮೇಲೆ ಕಾಲು ಹಾಕಿಕೊಂಡ. ಸೂಪರಿಂಟೆಂಡೆಂಟರು ಕಣ್ಣು ಮುಚ್ಚಿಕೊಂಡರು.

ಮೂಲೆಯಿಂದ ಮೇಡಂ ಮೆಲ್ಲಗೆ ಅಂದರು, "ಸಿಗರೇಟಿನ ವಿಷಯ ಅಂದ್ಕೊಂಡಿದ್ದೆ ನಾನು."

ಸಲಹೆಪ್ಪ ಅಭ್ಯಾಸಬಲದಿಂದ ಅವರತ್ತ ತಿರುಗಿದ. "ನಿಮಗೆ ಸ್ವಲ್ಪ ಗೊಂದಲ ಆಗಿದೆ."

"ನನಗೆ ಗೊಂದಲ ಆಗಿದೆ ಅಂತ ನಿಮಗೆ ಅನ್ನಿಸ್ತಿದೆ."

ಸಲಹೆಪ್ಪನ ಕಿವಿ ನೆಟ್ಟಗಾಯಿತು. ಮೇಡಂ ಅವರ ತಲೆಯೂ ಸ್ವಲ್ಪ ವಾಲಿತ್ತು! ಅದೇ ಕೋನ, ಅದೇ ಹತ್ತಿಯ ದನಿ. ಇವರೂ ಕಲಿತವರು! ಹಳೇ ಜಟ್ಟಿಗೆ ಜೋಡಿ ಜಟ್ಟಿ ಸಿಕ್ಕಿದ ಹಾಗೆ ಅವನ ಮೈ ಜುಮ್ಮೆಂದಿತು.

"ನನಗೆ ಹಾಗೆ ಅನ್ನಿಸ್ತಿದೆ ಅನ್ನೋದು ನಿಮ್ಮ ಗಮನಕ್ಕೆ ಬಂದಿದೆ," ಎಂದ.

"ನನ್ನ ಗಮನಕ್ಕೆ ಏನು ಬಂದಿದೆ ಅನ್ನೋದು ನಿಮಗೆ ಮುಖ್ಯ."

"ಮುಖ್ಯವಾದದ್ದನ್ನ ನೀವು ಬೇಗ ಹಿಡೀತೀರಿ. ಅದು ನಿಮ್ಮ ದೊಡ್ಡ ಗುಣ."

"ಬೇರೆಯವರಲ್ಲಿ ಗುಣ ಕಾಣೋದು ನಿಮ್ಮ ದೊಡ್ಡ ಗುಣ."

ಹೀಗೆ ಹೋಯಿತು ಕಾಳಗ. ಒಬ್ಬರೂ ಒಂದು ಸಂಗತಿ ಹೇಳಲಿಲ್ಲ. ಹೇಳದ ಸಂಗತಿಯನ್ನು ಇನ್ನೊಬ್ಬರು ತಿರುಗಿಸಿ ಹೇಳಿದರು. ಟೈಲರ್ ಕತ್ತನ್ನು ಅತ್ತ ಇತ್ತ ಆಡಿಸಿ ಆಡಿಸಿ ಕೊರಳು ಹಿಡಿದುಕೊಂಡ. ಬಾಗಿಲಲ್ಲಿ ನರ್ಸುಗಳು ಗುಂಪಾದರು. ಒಬ್ಬಳ ಕೈಯಲ್ಲಿ ತುಂಬಿದ ಇಂಜೆಕ್ಷನ್ನು ಹಾಗೇ ಇತ್ತು. ಯಾರಿಗೆ ಕೊಡಲು ಹೊರಟಿದ್ದಳೋ ಆ ರೋಗಿಯೂ ಅವಳ ಪಕ್ಕದಲ್ಲೇ ನಿಂತು ನೋಡುತ್ತಿದ್ದ.

ಕೊನೆಗೆ ಮೇಡಂ ಕೈಚೀಲವನ್ನು ನೆಲದ ಮೇಲಿಟ್ಟರು. "ಈ ಕುರ್ಚಿಯಲ್ಲಿ ಉಳಿಯೋದು ನಿಮಗೆ ಎಷ್ಟು ಮುಖ್ಯ? ಸೊನ್ನೆಯಿಂದ ಹತ್ತರಲ್ಲಿ."

ಹತ್ತು ಅನ್ನಬೇಕಿತ್ತು. ಆದರೆ ಹತ್ತು ಎಂದರೆ ಗೋಗರೆದ ಹಾಗಾಗುತ್ತದೆ, ಕಸುಬು ಬಲ್ಲವನಿಗೆ ಸ್ವಲ್ಪ ಗಾಂಭೀರ್ಯ ಬೇಡವೆ?

"ಒಂಬತ್ತು," ಎಂದ ಸಲಹೆಪ್ಪ, ಗಾಂಭೀರ್ಯದಿಂದ.

"ಒಂಬತ್ತು. ಹತ್ತು ಯಾಕಲ್ಲ?"

ಗಮನಿಸಿದಿರಾ? ಒಂದು ಯಾಕಲ್ಲ ಎಂದು ಕೇಳಿದ್ದರೆ ಸಲಹೆಪ್ಪ ಕುರ್ಚಿ ಯಾಕೆ ಬೇಕು ಎಂದು ಹೇಳುತ್ತಿದ್ದ. ಹತ್ತು ಯಾಕಲ್ಲ ಎಂದು ಕೇಳಿದರೆ, ಯಾಕೆ ಬೇಡ ಎಂದು ಹೇಳಬೇಕು. ಕತ್ತಿ ಒಂದೇ, ಹಿಡಿದ ಬದಿ ಬೇರೆ. ಇದು ಸಲಹೆಪ್ಪನಿಗೆ ಗೊತ್ತಿತ್ತು. ಚೆನ್ನಾಗಿ ಗೊತ್ತಿತ್ತು. ಆದರೆ ಹುಟ್ಟಿದಾಗಿನಿಂದ ಯಾರೂ ಅವನನ್ನು ತಲೆ ವಾಲಿಸಿ ಏನನ್ನೂ ಕೇಳಿರಲಿಲ್ಲ.

"ಹತ್ತು ಯಾಕಲ್ಲ ಅಂದ್ರೆ," ಎಂದು ಗಂಟಲು ಸರಿಮಾಡಿಕೊಂಡ, "ಈ ಕುರ್ಚಿ ಕೈ ನೋಡಿ, ಅಲ್ಲಾಡುತ್ತೆ."

"ಅಲ್ಲಾಡುತ್ತೆ."

"ಹೇಳಿ ಹೇಳಿ ಸಾಕಾಯ್ತು, ಯಾರೂ ಸರಿಮಾಡ್ಲಿಲ್ಲ."

"ನಿಮ್ಮ ಮಾತನ್ನ ಯಾರೂ ಕೇಳ್ತಿಲ್ಲ."

"ಯಾರೂ ಕೇಳ್ತಿಲ್ಲ ಮೇಡಂ!" ಸಲಹೆಪ್ಪನ ದನಿ ಒಡೆಯಿತು. ಆ ಕಡಿಮೆ ಬಿದ್ದ ಒಂದೇ ಒಂದು ಅಂಕದೊಳಗಿಂದ ಅವನ ಇಡೀ ನೌಕರಿ ಹೊರಬಂತು. ಮುಖಕ್ಕೆ ಹೊಗೆ ಬಿಟ್ಟವರು, ಶ್ವಾಸಕೋಶದ ಚಿತ್ರಕ್ಕೆ ಮೀಸೆ ಬರೆದವರು, ಮಧ್ಯದಲ್ಲಿ ಎದ್ದು ಹೋಗಿ ಅವನದೇ ಕಿಟಕಿಯ ಕೆಳಗೆ ಬೆಂಕಿಕಡ್ಡಿ ಗೀರಿದವರು. ಮೇಡಂ ಒಂದೊಂದನ್ನೂ ಮೆತ್ತಗೆ ತಿರುಗಿಸಿ ಕೈಗಿತ್ತರು. ನರ್ಸುಗಳ ಕಣ್ಣು ತೇವವಾಯಿತು. ಇಂಜೆಕ್ಷನ್ನಿನ ರೋಗಿ ಕರವಸ್ತ್ರ ಕೇಳಿ ಪಡೆದ.

"ಹಾಗಾದ್ರೆ ನಿಮಗೆ ಬೇಕಾಗಿರೋದು..."

"ಒಂದು ಶಾಂತವಾದ ಜಾಗ ಮೇಡಂ. ತಣ್ಣಗಿರಬೇಕು. ಎದುರು ವಾದ ಮಾಡಬಾರದು. ಎದ್ದು ಹೋಗಬಾರದು. ಹೊಗೆ ಬಿಡಬಾರದು."

"ಅಂಥ ಜಾಗ ಇದೆ," ಎಂದರು ಸೂಪರಿಂಟೆಂಡೆಂಟರು ಕಣ್ಣು ತೆರೆದು. ಆ ದಿನ ಅವರು ಆಡಿದ ಮಾತು ಅದೊಂದೇ.

"ಮುಂದಿನ ಹೆಜ್ಜೆ ಏನು ಅಂತ ನಿಮಗೆ ಅನ್ಸುತ್ತೆ?" ಎಂದರು ಮೇಡಂ.

ಏನನ್ನಿಸಬೇಕಿತ್ತೋ ಅದೇ ಅನ್ನಿಸಿತು. ಸಲಹೆಪ್ಪ ಸ್ವಂತ ಇಚ್ಛೆಯಿಂದ, ಸ್ವಂತ ಬಾಯಿಂದ, ಸಾಕ್ಷಿಗಳ ಎದುರು ಅದನ್ನು ಹೇಳಿದ.

ಇಷ್ಟು ಹೊತ್ತೂ ಬಾಯಿ ತೆರೆದು ಕೂತಿದ್ದ ಟೈಲರ್ ಗಡಬಡಿಸಿ ಎದ್ದ. "ಭಾವ, ನಾನು ಬರ್ತೀನಿ."

"ಎಲ್ಲಿಗೆ?"

"ಅಂಗಡಿ ತೆಗೀಬೇಕು. ಇಲ್ಲೇ ಇನ್ನೊಂದು ಗಳಿಗೆ ಕೂತಿದ್ರೆ ನನ್ನನ್ನ ಯಾವುದಕ್ಕೆ ಒಪ್ಪಿಸ್ತಾರೋ ಯಾರಿಗೆ ಗೊತ್ತು!" ಎಂದವನು ನರ್ಸುಗಳ ನಡುವೆ ನುಸುಳಿ ಓಡಿದ. ವಕೀಲರ ತೋಳಿಗೆ ಆ ಸಂಜೆಯೇ ಬಿಡುಗಡೆಯಾಯಿತು.

ಸಲಹೆಪ್ಪ ಮಾತ್ರ ಇನ್ನೂ ಮೇಡಂ ಅವರ ಎರಡೂ ಕೈ ಹಿಡಿದು ಕುಲುಕುತ್ತಿದ್ದ. ಅವನ ಮುಖ ಹೊಳೆಯುತ್ತಿತ್ತು. "ಅದ್ಭುತ ಮೇಡಂ! ಒಂದು ಸಲಹೆ ಇಲ್ಲ, ಒಂದು ಒತ್ತಾಯ ಇಲ್ಲ! ಆ 'ಹತ್ತು ಯಾಕಲ್ಲ' ಅಂದ್ರಲ್ಲ, ಆ ಜಾಗದಲ್ಲಿ ನಿಲ್ಲಿಸಿದ ರೀತಿ, ಆಹಾ! ಜನ್ಮ ಸಾರ್ಥಕ!" ಎನ್ನುತ್ತಾ ಹೊರಗೆ ಬಂದ. ಮನಸ್ಸು ಹಗುರಾಗಿತ್ತು. ಮೆಟ್ಟಿಲು ಇಳಿಯತೊಡಗಿದ. ಮೊದಲ ಮಹಡಿ ಬಂತು, ಹೋಯಿತು. ನೆಲದ ಮಹಡಿ ಬಂತು, ಹೋಯಿತು. ಮೆಟ್ಟಿಲು ಮಾತ್ರ ಇನ್ನೂ ಕೆಳಗೆ ಹೋಗುತ್ತಲೇ ಇತ್ತು. ಕೆಳಗಿಂದ ತಣ್ಣನೆಯ ಗಾಳಿ ಪಾದಕ್ಕೆ ತಾಗಿದಾಗ ಅವನು ಗಕ್ಕನೆ ನಿಂತ.

ಅಯ್ಯೋ! ನಾನು ಏನು ಮಾಡಿಬಿಟ್ಟೆ!

ಕಂಬಿ ಹಿಡಿದು ತಿರುಗಿದ. ಇನ್ನೂ ಹೊತ್ತು ಮೀರಿಲ್ಲ, ಓಡಿ ಹೋಗಿ ಕಾಲಿಗೆ ಬಿದ್ದಾದರೂ ಬೇಡ ಅನ್ನಬೇಕು ಎಂದು ಎರಡು ಮೆಟ್ಟಿಲು ಹತ್ತಿದ. ಮೇಲೆ, ತಿರುವಿನಲ್ಲಿ, ಮೇಡಂ ಕೈಚೀಲ ಹಿಡಿದು ನಿಧಾನವಾಗಿ ಇಳಿದು ಬರುತ್ತಿದ್ದರು. ಅವನನ್ನು ನೋಡಿ ನಿಂತರು. ನಕ್ಕರು. ತಲೆಯನ್ನು ಸ್ವಲ್ಪ ವಾಲಿಸಿದರು. ಏನೋ ಕೇಳಲು ಬಾಯಿ ತೆರೆದರು.

ಸಲಹೆಪ್ಪ ಮೆಟ್ಟಿಲುಗಳನ್ನು ಎರಡೆರಡಾಗಿ ಹಾರಿ ಕೆಳಗೋಡಿ, ಶವಾಗಾರದ ಬಾಗಿಲು ತಳ್ಳಿ ಒಳನುಗ್ಗಿ, ಒಳಗಿನಿಂದ ಚಿಲಕ ಹಾಕಿಕೊಂಡ.